ಕಾಲೆಣಿಸಿದರೆ ಸಾಲದು: ಕೊಪ್ಪಳ ಸೀಮೆಯ ಸಂಧಿಪದಿಗಳೂ ಶಾಲೆಯ ಪಟ್ಟಿಯೂ

ಸಂಧಿಪದಿಗಳ ಬಗ್ಗೆ ಶಾಲೆಯಲ್ಲಿ ಕಲಿತದ್ದರಲ್ಲಿ ಇಂದಿಗೂ ನೆನಪಿರುವುದೇನು ಎಂದು ಕೇಳಿದರೆ, ಬಹುಶಃ ನೀವು ಒಂದು ಪಟ್ಟಿಯನ್ನು ಹೇಳುತ್ತೀರಿ. ಆರು ಕಾಲಿದ್ದರೆ ಕೀಟ. ಎಂಟಿದ್ದರೆ ಜೇಡ, ಚೇಳುಗಳ ವರ್ಗ. ಹತ್ತಿದ್ದರೆ ಏಡಿ, ಸೀಗಡಿಗಳ ವರ್ಗ. ಅದಕ್ಕೂ ಹೆಚ್ಚಿದ್ದರೆ ಶತಪದಿ, ಸಹಸ್ರಪದಿಗಳ ವರ್ಗ. ಪಠ್ಯಪುಸ್ತಕ, ಗೈಡು, ಸಾಮಾನ್ಯ ಜ್ಞಾನದ ಕೈಪಿಡಿ, ರಸಪ್ರಶ್ನೆ ಎಲ್ಲೆಡೆಯೂ ಈ ಪಟ್ಟಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬರುತ್ತದೆ. ಅದನ್ನು ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಆರಿಸಿಕೊಂಡಿರುವ ಪ್ರಯೋಗಶಾಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾದ ನೆಲ.

ಪ್ರಾಣಿಗಳ ವರ್ಗೀಕರಣದಲ್ಲಿ ಭೌತವಿಜ್ಞಾನದ ಮೇಷ್ಟರಿಗೇನು ಕೆಲಸ ಎಂದು ನೀವು ಕೇಳಬಹುದು. ಗುರುತಿಸುವ ಪಟ್ಟಿಯೂ ಒಂದು ಅಳತೆಯ ಸಾಧನವೇ. ವರ್ನಿಯರ್ ಕ್ಯಾಲಿಪರನ್ನು ವಿದ್ಯಾರ್ಥಿಯ ಕೈಗೆ ಕೊಡುವಾಗ ಅದರ ಕನಿಷ್ಠ ಅಳತೆ ಎಷ್ಟು, ಶೂನ್ಯ ದೋಷ ಎಷ್ಟು, ಯಾವ ವಸ್ತುವಿಗೆ ಅದು ಹೊಂದುವುದಿಲ್ಲ ಎಂದು ಹೇಳಿಯೇ ಕೊಡುತ್ತೇವೆ. ಕಾಲೆಣಿಕೆಯ ಪಟ್ಟಿಯನ್ನು ಕೊಡುವಾಗ ಮಾತ್ರ ಈ ಎಚ್ಚರಿಕೆಗಳಲ್ಲಿ ಒಂದನ್ನೂ ಹೇಳುವುದಿಲ್ಲ.

ಮರುಭೂಮಿ ಎಂಬ ಹಣೆಪಟ್ಟಿ

ಮೊದಲು ಪ್ರದೇಶದ ಮಾತು. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡಿತು. ಆಗ ಅದಕ್ಕಿದ್ದುದು ಮೇಲೆ ಹೇಳಿದ ನಾಲ್ಕೇ ತಾಲ್ಲೂಕು. ಈಗ ಕುಕನೂರು, ಕನಕಗಿರಿ, ಕಾರಟಗಿಗಳು ಸೇರಿ ಏಳಾಗಿವೆ. ಕೇಂದ್ರ ಸರ್ಕಾರ 1977-78ರಲ್ಲಿ ಆರಂಭಿಸಿದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮ 1995-96ರಿಂದ ಕರ್ನಾಟಕದ ಒಣಪ್ರದೇಶಗಳಿಗೂ ವಿಸ್ತರಿಸಿತು. ಕೊಪ್ಪಳ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. 2009-10ರಲ್ಲಿ ಆ ಕಾರ್ಯಕ್ರಮ ಸಮಗ್ರ ಜಲಾನಯನ ನಿರ್ವಹಣಾ ಕಾರ್ಯಕ್ರಮದಲ್ಲಿ ವಿಲೀನವಾಯಿತು.

ಹಾಗಾದರೆ ಕೊಪ್ಪಳ ಮರುಭೂಮಿಯೇ? ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಎಂಬ ಸಾಮಾನ್ಯ ಅಳತೆಯಿಂದ ನೋಡಿದರೆ ಅಲ್ಲ. ಇಲ್ಲಿ ಸರಾಸರಿಯಾಗಿ ಅದರ ಎರಡು ಪಟ್ಟಿಗೂ ಮಿಕ್ಕಿ ಮಳೆಯಾಗುತ್ತದೆ. ಇದು ಅರೆಶುಷ್ಕ ಪ್ರದೇಶ. ಅದರಲ್ಲೂ ಒಂದೇ ಬಗೆಯ ನೆಲವಲ್ಲ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಮಸಾರಿ ಮತ್ತು ಎರೆ ಹೊಲಗಳು. ಕೊಪ್ಪಳದಿಂದ ಹಿರೇಬೆಣಕಲ್, ಆನೆಗೊಂದಿಯವರೆಗೆ ಬಿಸಿಲಿಗೆ ಕಾದ ಗ್ರಾನೈಟ್ ಬಂಡೆಗಳ ಗುಡ್ಡಸಾಲು. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಆಡಳಿತದ ಹಣೆಪಟ್ಟಿ ಇವೆಲ್ಲಕ್ಕೂ ಒಂದೇ ಹೆಸರು ಕೊಟ್ಟಿತು. ಅನುದಾನ ಹಂಚಲು ಅದು ಸಾಕಿರಬಹುದು. ಅಲ್ಲಿ ಬದುಕುವ ಜೀವಿಗಳನ್ನು ಅರಿಯಲು ಸಾಲದು.

ನಮ್ಮ ಪುಸ್ತಕಗಳಲ್ಲಿ ಮರುಭೂಮಿಯ ಪಾಠ ಬಂದರೆ ಮರಳದಿಬ್ಬ, ಒಂಟೆ, ಪಾಪಸುಕಳ್ಳಿ. ಸಂಧಿಪದಿಗಳ ಪಾಠ ಬಂದರೆ ಸಮುದ್ರದ ದೊಡ್ಡ ಸೀಗಡಿ. ಯಲಬುರ್ಗಾದ ಮಗು ಇವೆರಡನ್ನೂ ಚಿತ್ರದಲ್ಲಿ ಮಾತ್ರ ನೋಡಿದೆ. ಮನೆಯ ಹಿತ್ತಿಲ ಕಲ್ಲಿನ ಕೆಳಗಿರುವ ಜೀವಿಯನ್ನು ನೋಡಿರುತ್ತದೆ, ಆದರೆ ಅದು ಪುಸ್ತಕದಲ್ಲಿಲ್ಲ.

ಪಟ್ಟಿಯ ಗುಣ

ದೋಷ ಹೇಳುವ ಮುನ್ನ ಗುಣ ಹೇಳುವುದು ನ್ಯಾಯ. ಕಾಲೆಣಿಕೆಯ ಪಟ್ಟಿ ಚಿಕ್ಕದು, ಬಾಯಿಪಾಠಕ್ಕೆ ಸುಲಭ, ಉಪಕರಣ ಬೇಡ. ಬೆಳೆದ ಇರುವೆ, ಜೀರುಂಡೆ, ಮಿಡತೆ, ಮನೆಯ ಗೋಡೆಯ ಜೇಡ, ಕಾಲುವೆಯ ಏಡಿ ಇವುಗಳಿಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ.

ಎಲ್ಲವನ್ನೂ 'ಹುಳ' ಎಂದು ಕರೆಯುವ ನಮ್ಮ ರೂಢಿಗಿಂತ ಅದು ಮುಂದಿನ ಹೆಜ್ಜೆಯೂ ಹೌದು. ಆ ರೂಢಿಯನ್ನು ಅಜ್ಞಾನವೆಂದು ಹಳಿಯಬೇಕಾಗಿಲ್ಲ. ಪ್ರಾಣಿಗಳ ವೈಜ್ಞಾನಿಕ ನಾಮಕರಣಕ್ಕೆ ಬುನಾದಿಯಾದ 1758ರ ಆವೃತ್ತಿಯಲ್ಲಿ ಸ್ವೀಡನ್ನಿನ ಲಿನೇಯಸ್ ಕೂಡ ಜೇಡ, ಚೇಳು, ಏಡಿ, ಶತಪದಿಗಳನ್ನೆಲ್ಲ ಕೀಟಗಳ ವರ್ಗದಲ್ಲೇ ಇಟ್ಟಿದ್ದ. ಏಡಿಗಳನ್ನೂ ಜೇಡಗಳನ್ನೂ ಪ್ರತ್ಯೇಕ ವರ್ಗಗಳಾಗಿ ಬೇರ್ಪಡಿಸಿದವನು ಫ್ರಾನ್ಸಿನ ಲಮಾರ್ಕ್, 1800ರ ಆಸುಪಾಸಿನಲ್ಲಿ. ಹಳ್ಳಿಯ ಅಜ್ಜಿ ಮತ್ತು ಲಿನೇಯಸ್ ಈ ವಿಷಯದಲ್ಲಿ ಒಂದೇ ಅಭಿಪ್ರಾಯದವರು!

ಪಟ್ಟಿ ಎಡವುವ ಜಾಗಗಳು

ಈಗ ಪಟ್ಟಿಯನ್ನು ಹಿಡಿದು ಹೊಲಕ್ಕೆ ಇಳಿಯೋಣ. ಒಂದೊಂದೇ ಜೀವಿಯನ್ನು ನೋಡಿ.

ಎಕ್ಕೆಗಿಡದ ಸುತ್ತ ಹಾರುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಡನಾಸ್ ಕ್ರಿಸಿಪ್ಪಸ್ ಎಂಬುದು ಅದರ ವೈಜ್ಞಾನಿಕ ಹೆಸರು. ಅದು ಕುಳಿತಾಗ ಕಾಲೆಣಿಸಿ, ನಾಲ್ಕೇ ಸಿಗುತ್ತವೆ. ಮುಂದಿನ ಜೋಡಿ ಕುಗ್ಗಿ ಎದೆಗೆ ಅಂಟಿಕೊಂಡಿರುತ್ತದೆ, ನಡೆಯಲು ಬಳಕೆಯಾಗುವುದಿಲ್ಲ. ಪಟ್ಟಿಯಲ್ಲಿ ನಾಲ್ಕು ಕಾಲಿನ ಸಂಧಿಪದಿಗೆ ಜಾಗವೇ ಇಲ್ಲ. ಅದೇ ಎಕ್ಕೆಯ ಎಲೆ ತಿನ್ನುವ ಅದರ ಮರಿಗೆ ಎದೆಯಲ್ಲಿ ಮೂರು ಜೋಡಿ ನಿಜವಾದ ಕಾಲುಗಳಿವೆ. ಅದರ ಹಿಂದೆ ಹೊಟ್ಟೆಯ ಕೆಳಗೆ ಐದು ಜೋಡಿ ಮೆದುವಾದ, ಕೀಲಿಲ್ಲದ ಹುಸಿಗಾಲುಗಳು. ಒಟ್ಟು ಹದಿನಾರು. ಪಟ್ಟಿಯ ಪ್ರಕಾರ ಮರಿ ಬಹುಪದಿ, ತಾಯಿ ಯಾವುದೂ ಅಲ್ಲ.

ಮೊದಲ ಮಳೆ ಬಿದ್ದ ಮೇಲೆ ಮಸಾರಿ ನೆಲದಲ್ಲಿ ಕೆಂಪು ಮಖಮಲ್ಲಿನ ಗುಂಡಿಯಂತೆ ಹರಿದಾಡುವ ಇಂದ್ರಗೋಪವನ್ನು ತೆಗೆದುಕೊಳ್ಳಿ. ಬೆಳೆದದ್ದಕ್ಕೆ ಎಂಟು ಕಾಲು. ಅದು ಮೈಟ್ ಗುಂಪಿನದು, ಜೇಡ ಮತ್ತು ಚೇಳುಗಳ ಬಂಧು. ಆದರೆ ಮೊಟ್ಟೆಯಿಂದ ಹೊರಬಂದ ಮರಿಗೆ ಆರೇ ಕಾಲು. ಕುರಿ, ದನಗಳ ಮೈಗೆ ಹತ್ತುವ ಉಣ್ಣೆಯದೂ ಇದೇ ಕಥೆ. ಮರಿ ಆರು ಕಾಲಿನದು, ಪೊರೆ ಕಳಚಿದ ಮೇಲೆ ಎಂಟು. ಕಾಲೆಣಿಸಿ ತೀರ್ಪು ಕೊಟ್ಟರೆ ಉಣ್ಣೆ ಹುಟ್ಟುವಾಗ ಕೀಟ, ಬೆಳೆಯುತ್ತ ಜೇಡದ ಬಂಧು.

ಅತ್ಯಂತ ಕುತೂಹಲಕಾರಿ ಉದಾಹರಣೆ ಸೂರ್ಯಜೇಡ. ಒಂಟೆಜೇಡ ಎಂಬ ಹೆಸರೂ ಇದೆ. ಜಗತ್ತಿನ ಒಣಪ್ರದೇಶಗಳ ಪ್ರಾತಿನಿಧಿಕ ಜೀವಿ ಎಂದು ಇದನ್ನೇ ಹೇಳಬಹುದು. ರಾತ್ರಿ ದೀಪದ ಬೆಳಕಿಗೆ ಬರುವ ಹುಳಗಳನ್ನು ಹಿಡಿಯಲು ಮಿಂಚಿನಂತೆ ಓಡಿಬರುವ ಈ ಹಳದಿ-ಕಂದು ಜೀವಿಯ ಕಾಲು ಎಷ್ಟು? ಮೂವರು ಎಣಿಸಿದರೆ ಮೂರು ಉತ್ತರ ಬರಬಹುದು. ಅದು ಓಡುವುದು ಹಿಂದಿನ ಮೂರು ಜೋಡಿ ಕಾಲುಗಳ ಮೇಲೆ. ಮೊದಲ ಜೋಡಿ ಕಾಲು ತೆಳ್ಳಗಿದ್ದು, ಮುಂದಕ್ಕೆ ಚಾಚಿ ನೆಲವನ್ನು ತಡವುತ್ತದೆ. ಅದಕ್ಕೂ ಮುಂದೆ ಬಾಯಿಯ ಪಕ್ಕದ ಪೆಡಿಪಾಲ್ಪ್ ಎಂಬ ಜೋಡಿ ಅಂಗ ಕಾಲಿನಷ್ಟೇ ಉದ್ದವಾಗಿದೆ. ಹೀಗಾಗಿ ಆರು, ಎಂಟು, ಹತ್ತು ಮೂರೂ ಉತ್ತರಗಳಿಗೆ ಸಮರ್ಥನೆಯುಂಟು. ಹತ್ತು ಎಂದವನು ಪಟ್ಟಿಯ ಪ್ರಕಾರ ಇದನ್ನು ಏಡಿಯ ಪಕ್ಕ ಕೂರಿಸಬೇಕು.

ಇನ್ನು ಹತ್ತು ಕಾಲಿನ ವರ್ಗ. ಹೂಕುಂಡದ ಅಡಿಯಲ್ಲಿ, ಒದ್ದೆ ಕಲ್ಲಿನ ಕೆಳಗೆ ಬೂದು ಬಣ್ಣದ, ಚಪ್ಪಟೆ ದೇಹದ, ಕೆಲವೊಮ್ಮೆ ಮುಟ್ಟಿದರೆ ಗುಂಡಾಗುವ ಪುಟ್ಟ ಜೀವಿಗಳಿರುತ್ತವೆ. ಇವು ನೆಲಕ್ಕೆ ಬಂದ ಏಡಿವರ್ಗದವು. ಕಾಲು ಮಾತ್ರ ಏಳು ಜೋಡಿ. ದಖನ್ನಿನ ಮಳೆಹೊಂಡಗಳಲ್ಲಿ ಮಳೆ ನಿಂತ ಕೆಲವು ದಿನಗಳಲ್ಲೇ ಕಾಣಿಸಿಕೊಂಡು, ನೀರು ಬತ್ತುವ ಮೊದಲೇ ಮೊಟ್ಟೆಯಿಟ್ಟು ಮುಗಿಯುವ ಸೀಗಡಿಯಂಥ ಜೀವಿಗಳಿವೆ. ಅವಕ್ಕೆ ಹನ್ನೊಂದು ಜೋಡಿ ಎಲೆಯಂಥ ಈಜುಗಾಲು. ಅವುಗಳ ಮೊಟ್ಟೆ ಒಣಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಒಣಭೂಮಿಯ ನಿಜವಾದ ಏಡಿವರ್ಗದವರು ಇವರೇ. ಪಟ್ಟಿಗೆ ಇವರ ಪರಿಚಯವಿಲ್ಲ.

ದೋಷದ ಮೂಲ ಎಲ್ಲಿದೆ? ಎಣಿಸುವ ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂದು ನಿಷ್ಕರ್ಷೆಯಾಗಿರಬೇಕು. ಪಟ್ಟಿ ಸಂಖ್ಯೆಯನ್ನು ಹೇಳುತ್ತದೆ, ಏಕಮಾನವನ್ನು ಹೇಳುವುದಿಲ್ಲ. ಕಾಲು ಎಂದರೇನು, ಯಾವುದು ಕಾಲಲ್ಲ, ಯಾವ ವಯಸ್ಸಿನ ಪ್ರಾಣಿಯಲ್ಲಿ ಎಣಿಸಬೇಕು ಎಂಬ ಮೂರು ಮಾತು ಬಿಟ್ಟುಹೋಗಿವೆ.

ಹೆಸರುಗಳು ಮಾಡುವ ತೊಂದರೆ

ಪಟ್ಟಿಯ ಎರಡನೆಯ ದೋಷ ಅದರ ಹೆಸರುಗಳಲ್ಲಿದೆ. 'ಶತಪದಿ', 'ಸಹಸ್ರಪದಿ' ಎಂಬವು ಪಾಶ್ಚಾತ್ಯ ಹೆಸರುಗಳ ನೇರ ಅನುವಾದ. ಬೆಳೆದ ಶತಪದಿಯ ಕಾಲುಜೋಡಿಗಳ ಸಂಖ್ಯೆ ಸಾಮಾನ್ಯವಾಗಿ ಬೆಸಸಂಖ್ಯೆಯೇ ಆಗಿರುತ್ತದೆ. ಹದಿನೈದು ಜೋಡಿಯಿಂದ 191 ಜೋಡಿಯವರೆಗೆ ಇರಬಹುದು. ನಮ್ಮ ಕಡೆಯ ದೊಡ್ಡ ಜರಿಗಳಲ್ಲಿ ಸಾಮಾನ್ಯವಾಗಿ 21. ನೂರು ಕಾಲು ಬೇಕಾದರೆ 50 ಜೋಡಿ ಆಗಬೇಕು, ಅದು ಸಮಸಂಖ್ಯೆ. ಅಂದರೆ ಸರಿಯಾಗಿ ನೂರು ಕಾಲಿನ ಶತಪದಿ ಸಿಗುವುದೇ ಕಷ್ಟ. ಸಾವಿರ ಕಾಲಿನ ಸಹಸ್ರಪದಿಯಂತೂ 2021ರವರೆಗೆ ವಿಜ್ಞಾನಕ್ಕೆ ಗೊತ್ತೇ ಇರಲಿಲ್ಲ. ಆ ವರ್ಷ ಪಶ್ಚಿಮ ಆಸ್ಟ್ರೇಲಿಯದ ಒಣಪ್ರದೇಶದ ಕೊಳವೆಬಾವಿಯೊಂದರ ಆಳದಿಂದ ಬಂದ, 1306 ಕಾಲುಗಳ ಪ್ರಭೇದವನ್ನು ವಿವರಿಸಲಾಯಿತು. ನಮ್ಮ 'ಜರಿ' ಎಂಬ ಹಳೆಯ ಮಾತು ಯಾವ ಸಂಖ್ಯೆಯನ್ನೂ ಹೇಳುವುದಿಲ್ಲ. ಆದ್ದರಿಂದ ಸುಳ್ಳನ್ನೂ ಹೇಳುವುದಿಲ್ಲ.

ಇದು ಬರಿಯ ಪದಗಳ ಜಗಳವೆನಿಸಿದರೆ ಮೆಣಸಿನಕಾಯಿ ಹೊಲಕ್ಕೆ ಬನ್ನಿ. ಎಲೆ ಮುಟುರಿಕೊಳ್ಳುವ ರೋಗಕ್ಕೆ 'ನುಸಿ' ಕಾರಣ ಎಂದು ರೈತರು ಹೇಳುತ್ತಾರೆ. ಆದರೆ ನುಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಜೀವಿಗಳಿವೆ. ಥ್ರಿಪ್ಸ್ ನುಸಿ ಆರು ಕಾಲಿನ ಕೀಟ. ಅದರಿಂದ ಎಲೆ ಮೇಲ್ಮುಖವಾಗಿ ಮುದುಡುತ್ತದೆ. ಮೈಟ್ ನುಸಿ ಜೇಡದ ವರ್ಗದ್ದು. ಅದರಿಂದ ಎಲೆ ಕೆಳಮುಖವಾಗಿ, ಬೋರಲು ಹಾಕಿದ ದೋಣಿಯಂತೆ ಮುದುಡುತ್ತದೆ. ಕೀಟಕ್ಕೆಂದು ತಯಾರಾದ ಔಷಧಿಗಳಲ್ಲಿ ಬಹಳಷ್ಟು ಮೈಟ್‌ಗೆ ತಾಗುವುದಿಲ್ಲ. ಮೈಟ್ ತಿನ್ನುವ ಶತ್ರುಜೀವಿಗಳನ್ನು ಕೊಂದು ಕೆಲವು ಔಷಧಿಗಳು ಅದನ್ನು ಹೆಚ್ಚಿಸುವುದೂ ಉಂಟು. ಎರಡೂ ತೀರಾ ಚಿಕ್ಕವು, ಬರಿಗಣ್ಣಿನಿಂದ ಕಾಲೆಣಿಸಲಾಗದು. ಆದರೆ ಎಲೆ ಮುದುಡಿದ ದಿಕ್ಕನ್ನು ಯಾರೂ ನೋಡಬಹುದು. ವರ್ಗ ತಪ್ಪಿದರೆ ಸಿಂಪಡಣೆಯ ದುಡ್ಡು ಗಾಳಿಗೆ ಹೋಗುತ್ತದೆ.

ಗಂಗಾವತಿಯ ಗದ್ದೆಬಯಲಿನಂಥ ಕಡೆ ಇನ್ನೊಂದು ಗೊಂದಲ ಸಾಧ್ಯ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಪ್ಪು ಮತ್ತು ಕಿತ್ತಳೆ ಪಟ್ಟೆಯ, ಇರುವೆಯಂತೆ ಕಾಣುವ ಪೀಡರಸ್ ಎಂಬ ದುಂಬಿಯನ್ನು ಚರ್ಮದ ಮೇಲೆ ಹೊಸಕಿದರೆ ಮರುದಿನ ಗೆರೆ ಎಳೆದಂತೆ ಉರಿಗುಳ್ಳೆ ಏಳುತ್ತದೆ. ಆ ಗುಳ್ಳೆಯ ಆರೋಪ ಹೋಗುವುದು ಗೋಡೆಯ ಮೇಲಿನ ಪಾಪದ ಜೇಡನಿಗೆ. ದುಂಬಿ ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಅದರ ದೇಹದ್ರವದಲ್ಲಿ ವಿಷವಿದೆ. ಹೊಸಕದೆ ಊದಿ ಹಾರಿಸಿದರೆ ತೊಂದರೆಯಿಲ್ಲ. ಭತ್ತದ ಜಿಗಿಹುಳುಗಳನ್ನು ತಿನ್ನುವ ಉಪಕಾರಿಯೂ ಅದೇ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಟೀಕಿಸಿದವನು ಬದಲಿ ದಾರಿಯನ್ನೂ ತೋರಿಸಬೇಕು. ಕಾಲಿನ ಸಂಖ್ಯೆಯನ್ನು ಬಿಡಬೇಕಾಗಿಲ್ಲ. ಮೊದಲ ಸ್ಥಾನದಿಂದ ಕೊನೆಯ ಸ್ಥಾನಕ್ಕೆ ತಂದರೆ ಸಾಕು. ಈ ಕ್ರಮದಲ್ಲಿ ನೋಡಿ.

ಒಂದು: ರೆಕ್ಕೆ ಇದೆಯೇ? ಸಂಧಿಪದಿಗಳಲ್ಲಿ ರೆಕ್ಕೆ ಇರುವುದು ಕೀಟಗಳಿಗೆ ಮಾತ್ರ. ರೆಕ್ಕೆ ಕಂಡರೆ ಅಲ್ಲಿಗೆ ಮುಗಿಯಿತು. ಎಕ್ಕೆಯ ಚಿಟ್ಟೆ ಇಲ್ಲೇ ತೇರ್ಗಡೆ. ರೆಕ್ಕೆ ಇಲ್ಲದಿದ್ದರೆ ಮಾತ್ರ ಮುಂದೆ ಹೋಗಿ. ಇರುವೆ, ಗೆದ್ದಲುಗಳಂತೆ ರೆಕ್ಕೆಯಿಲ್ಲದ ಕೀಟಗಳೂ ಬೇಕಾದಷ್ಟಿವೆ.

ಎರಡು: ಕುಡಿಮೀಸೆ ಇದೆಯೇ? ಜೇಡ, ಚೇಳು, ಸೂರ್ಯಜೇಡ, ಉಣ್ಣೆ, ಇಂದ್ರಗೋಪ ಇವುಗಳಲ್ಲಿ ಯಾವುದಕ್ಕೂ ಯಾವ ವಯಸ್ಸಿನಲ್ಲೂ ಕುಡಿಮೀಸೆ ಇಲ್ಲ. ಕೀಟಕ್ಕೆ, ಜರಿಗೆ, ಸಹಸ್ರಪದಿಗೆ ಒಂದು ಜೋಡಿ. ಏಡಿವರ್ಗಕ್ಕೆ ಎರಡು ಜೋಡಿ. ನೆಲದ ಮೇಲಿನವುಗಳಲ್ಲಿ ಒಂದು ಜೋಡಿ ಬಹಳ ಕುಗ್ಗಿರುತ್ತದೆ. ಮುಂದಕ್ಕೆ ಚಾಚಿದ್ದೆಲ್ಲ ಮೀಸೆಯಲ್ಲ. ಕುಡಿಮೀಸೆ ತಲೆಯ ಮುಂಭಾಗದಿಂದ, ಕಣ್ಣುಗಳ ಬಳಿಯಿಂದ ಹೊರಡುತ್ತದೆ. ಸೂರ್ಯಜೇಡ ಚಾಚುವ ಅಂಗಗಳು ಬಾಯಿಯ ಪಕ್ಕದಿಂದ, ಕಾಲಿನ ಸಾಲಿನಲ್ಲೇ ಹೊರಡುತ್ತವೆ.

ಮೂರು: ಕಾಲುಗಳು ಎಲ್ಲಿ ಅಂಟಿಕೊಂಡಿವೆ? ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಲ್ಲಿ ನಡುವಿನದಕ್ಕೆ ಮಾತ್ರ ಕೀಲಿರುವ ಕಾಲುಗಳಿದ್ದರೆ ಕೀಟ. ತಲೆ ಮತ್ತು ಎದೆ ಒಂದಾಗಿ ಬೆಸೆದ ಮುಂಭಾಗಕ್ಕೆ ಅಂಟಿದ್ದರೆ ಜೇಡ, ಚೇಳುಗಳ ವರ್ಗ. ತಲೆಯ ಹಿಂದಿನಿಂದ ಬಾಲದವರೆಗೆ ಉದ್ದಕ್ಕೂ ಇದ್ದರೆ ಬಹುಪದಿ. ಎಲೆ ತಿನ್ನುವ ಮರಿಯ ಹುಸಿಗಾಲುಗಳಿಗೆ ಕೀಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ.

ನಾಲ್ಕು: ಬಹುಪದಿಯಾದರೆ, ಒಂದು ಖಂಡಕ್ಕೆ ಎಷ್ಟು ಜೋಡಿ? ಒಂದೇ ಜೋಡಿಯಿದ್ದು ಅವು ಪಕ್ಕಕ್ಕೆ ಚಾಚಿದ್ದರೆ ಜರಿ. ಬಹುತೇಕ ಖಂಡಗಳಲ್ಲಿ ಎರಡೆರಡು ಜೋಡಿಯಿದ್ದು ಅವು ದೇಹದ ಕೆಳಗಿದ್ದರೆ ಸಹಸ್ರಪದಿ. ಜರಿಯ ಮೊದಲ ಜೋಡಿ ಕಾಲು ವಿಷದ ಕೊಂಡಿಯಾಗಿ ಮಾರ್ಪಟ್ಟಿದೆ. ಅದು ಬೇಟೆಗಾರ, ಕಚ್ಚುತ್ತದೆ. ಮಕ್ಕಳು ರೈಲುಹುಳ ಎಂದು ಆಡುವ ಸಹಸ್ರಪದಿ ಕೊಳೆತ ಎಲೆ ತಿನ್ನುವ ಸಾಧು. ಕಚ್ಚುವುದಿಲ್ಲ, ಸುರುಳಿ ಸುತ್ತುತ್ತದೆ. ಅದು ಸ್ರವಿಸುವ ರಸ ಕಣ್ಣಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಐದು: ಕೊನೆಗೆ ಎಣಿಸಿ. ಆಗ ಸಂಖ್ಯೆ ಹಿಂದಿನ ಉತ್ತರವನ್ನು ತಾಳೆ ನೋಡುವ ಸಾಧನವಾಗುತ್ತದೆ.

ಈ ಕ್ರಮಕ್ಕೂ ಮಿತಿಯಿದೆ. ನಾಲ್ಕು ವರ್ಗಗಳೆಂಬುದು ಗುರುತಿಸುವ ಅನುಕೂಲಕ್ಕೆ ಮಾಡಿಕೊಂಡ ವಿಭಾಗ, ವಂಶವೃಕ್ಷವಲ್ಲ. ಕೀಟಗಳು ಏಡಿವರ್ಗದ ವಂಶದೊಳಗಿನಿಂದಲೇ ಕವಲೊಡೆದವು ಎಂಬುದನ್ನು ಕಳೆದ ಕೆಲವು ದಶಕಗಳ ಡಿಎನ್ಎ ಅಧ್ಯಯನಗಳು ತೋರಿಸಿವೆ. ಪಾಠದಲ್ಲಿ ಇದಕ್ಕೆ ಒಂದು ವಾಕ್ಯದಷ್ಟಾದರೂ ಜಾಗ ಬೇಕು.

ಚೇಳಿನ ವಿಷಯದಲ್ಲಿ ವರ್ಗ ಗೊತ್ತಾದರೆ ಸಾಲದು

ಪಟ್ಟಿಯ ಮೂರನೆಯ ದೋಷವೇ ಎಲ್ಲಕ್ಕಿಂತ ಗಂಭೀರವಾದುದು. ಅದು ವರ್ಗದ ಹೆಸರು ಹೇಳಿ ನಿಲ್ಲುತ್ತದೆ. ಹಳ್ಳಿಯ ಮನೆಗೆ ಬೇಕಾದ ಉತ್ತರ ಅದರ ಮುಂದಿದೆ.

ನಮ್ಮ ಕಡೆ ರಾತ್ರಿ ಹಾವಿನ ಹೆಸರೆತ್ತಬಾರದೆಂಬ ರೂಢಿಯಿಂದ ಹಾವು ಕಚ್ಚಿದರೂ 'ಹುಳ ಮುಟ್ಟಿದೆ' ಎನ್ನುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಈ ಮಾತು ಕೇಳಿದ ವೈದ್ಯರಿಗೆ ಅದು ಹಾವೋ, ಚೇಳೋ, ಜರಿಯೋ ತಿಳಿಯುವುದು ಹೇಗೆ? ಹಾವಿಗೆ ಕೊಡುವ ಪ್ರತಿವಿಷ ಚೇಳಿಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಕಂಡದ್ದನ್ನು ಹೆಸರು ಹಿಡಿದು ಹೇಳುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಚೇಳುಗಳಲ್ಲೂ ಎಲ್ಲವೂ ಒಂದೇ ಅಲ್ಲ. ಕಲ್ಲುಗುಡ್ಡಗಳಲ್ಲಿ ಸಿಗುವ ದಪ್ಪ ಇಕ್ಕುಳದ, ತೆಳ್ಳನೆಯ ಬಾಲದ ದೊಡ್ಡ ಕರಿಚೇಳು ನೋಡಲು ಭಯಂಕರ. ಅದರ ಕುಟುಕಿನಿಂದ ನೋವಾಗುತ್ತದೆ, ಆದರೆ ಪ್ರಾಣಕ್ಕೆ ಅಪಾಯ ಅಪರೂಪ. ಅದಕ್ಕಿಂತ ಚಿಕ್ಕದಾದ, ಕೆಂಪು-ಕಂದು ಛಾಯೆಯ, ತೆಳ್ಳನೆಯ ಇಕ್ಕುಳ ಮತ್ತು ದಪ್ಪ ಬಾಲದ ಕೆಂಪುಚೇಳು ಹೊಟೆಂಟೊಟ್ಟಾ ಟಮುಲಸ್. ಮಹಾರಾಷ್ಟ್ರ, ಕರ್ನಾಟಕ, ಆಂಧ್ರದ ಒಣಪ್ರದೇಶಗಳಲ್ಲಿ ಅದರ ವಾಸ. ಜಗತ್ತಿನ ಅತ್ಯಂತ ಅಪಾಯಕಾರಿ ಚೇಳುಗಳಲ್ಲಿ ಅದೂ ಒಂದು. ಬಣ್ಣದಲ್ಲಿ ವ್ಯತ್ಯಾಸಗಳಿರುವುದರಿಂದ ಬಣ್ಣಕ್ಕಿಂತ ಇಕ್ಕುಳ ಮತ್ತು ಬಾಲಗಳ ಹೋಲಿಕೆ ಹೆಚ್ಚು ನಂಬಲರ್ಹ. ಇಕ್ಕುಳವನ್ನು ನಂಬಿದ ಚೇಳಿಗೆ ವಿಷ ಕಡಿಮೆ, ವಿಷವನ್ನು ನಂಬಿದ ಚೇಳಿಗೆ ಇಕ್ಕುಳ ಚಿಕ್ಕದು ಎಂದು ನೆನಪಿಟ್ಟುಕೊಳ್ಳಬಹುದು. ಇದು ಸ್ಥೂಲ ನಿಯಮ. ಇದನ್ನು ನಂಬಿ ಚೇಳನ್ನು ಕೈಯಲ್ಲಿ ಹಿಡಿಯಬಾರದು.

ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಜನ ಚೇಳುಗಳನ್ನು ಹಿಡಿದು ಕೈ, ಮುಖಗಳ ಮೇಲೆ ಬಿಟ್ಟುಕೊಳ್ಳುವುದು ಪ್ರಸಿದ್ಧ. ಅದರ ಚಿತ್ರ ನೋಡಿ, ಚೇಳು ಕುಟುಕಿದರೂ ಏನೂ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಯಾವ ಚೇಳು ಎಂದು ಕೇಳದೆ ಅಂಥ ತೀರ್ಮಾನ ಮಾಡುವಂತಿಲ್ಲ. ಒಂದು ಊರಿನ ಬೆಟ್ಟದಲ್ಲಿ ಕಂಡದ್ದು ಇನ್ನೊಂದು ಊರಿನ ಹಿತ್ತಿಲಿಗೆ ಪ್ರಮಾಣವಾಗುವುದಿಲ್ಲ.

ಕೆಂಪುಚೇಳಿನ ವಿಷ ನರಗಳ ತುದಿಗಳನ್ನು ಕೆರಳಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಬೆವರು, ವಾಂತಿ, ತಣ್ಣಗಾದ ಕೈಕಾಲು ಅದರ ಸೂಚನೆಗಳು. ಮುಂದೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೆಚ್ಚಿನ ಅಪಾಯ ಮಕ್ಕಳಿಗೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕೆಲಸ ಮಾಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡಕ್ಕೆ ಬಳಸುವ ಪ್ರಾಜೊಸಿನ್ ಎಂಬ ಅಗ್ಗದ ಗುಳಿಗೆ ಇಲ್ಲಿ ಜೀವ ಉಳಿಸುತ್ತದೆ ಎಂದು ತೋರಿಸಿದರು. ಅದಕ್ಕೆ ಮೊದಲು ಗಂಭೀರ ಸ್ಥಿತಿಯ ರೋಗಿಗಳಲ್ಲಿ ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ತೀರಾ ಕೆಳಕ್ಕಿಳಿಯಿತು. ಪ್ರಾಜ಼ೊಸಿನ್ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗ ಎಂಬುದನ್ನು ಅವರ 2011ರ ಅಧ್ಯಯನ ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಗುಳಿಗೆ ಕೊಡುವುದು ವೈದ್ಯರ ಕೆಲಸ. ನಮ್ಮ ಕೆಲಸ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಮಂತ್ರಕ್ಕೆಂದು ಹೊತ್ತು ಕಳೆಯದೆ, ಮಗುವನ್ನು ಬೇಗ ಆಸ್ಪತ್ರೆಗೆ ತಲುಪಿಸಿ, ಕುಟುಕಿದ್ದು ಚೇಳು ಎಂದು ಸ್ಪಷ್ಟವಾಗಿ ಹೇಳುವುದು.

ಇದಕ್ಕೆ ಎದುರಾದ ತಪ್ಪೂ ಇದೆ. ಸೂರ್ಯಜೇಡವನ್ನು ಕಂಡೊಡನೆ ವಿಷಜಂತುವೆಂದು ಹೊಡೆಯುತ್ತಾರೆ. ಅದರ ದವಡೆ ಬಲಿಷ್ಠ, ಚಿವುಟಿದರೆ ನೋವಾದೀತು; ಆದರೆ ವಿಷದ ಕೊಂಡಿಯಿಲ್ಲ. ಗೆದ್ದಲು, ಜೀರುಂಡೆಗಳು ಅದರ ಆಹಾರ. ನಿಜವಾದ ಅಪಾಯ ಕಲ್ಲಿನ ಸಂದಿಯಲ್ಲಿ ಸುಮ್ಮನಿರುತ್ತದೆ, ಓಡಾಡುವ ನಿರುಪದ್ರವಿ ಸಾಯುತ್ತದೆ.

ಭೌತವಿಜ್ಞಾನದ ಎರಡು ನೆರವುಗಳು

ಮೊದಲನೆಯದು ಬೆಳಕು. ಚೇಳಿನ ಹೊರಕವಚದಲ್ಲಿರುವ ಕೆಲವು ರಾಸಾಯನಿಕಗಳು ಅತಿನೇರಳೆ ಬೆಳಕನ್ನು ಹೀರಿಕೊಂಡು ಹಸಿರು-ನೀಲಿ ಬೆಳಕನ್ನು ಹೊರಸೂಸುತ್ತವೆ. ನೋಟು ಪರೀಕ್ಷಿಸಲು ಅಂಗಡಿಯವರು ಬಳಸುವಂಥ, 365ರಿಂದ 395 ನ್ಯಾನೊಮೀಟರಿನ ಸಣ್ಣ ಎಲ್‌ಇಡಿ ಟಾರ್ಚು ಸಾಕು. ಕತ್ತಲಲ್ಲಿ ಕಲ್ಲಿನ ಗೋಡೆಯ ಸಂದಿಯಲ್ಲಿರುವ ಚೇಳು ಹಲವು ಅಡಿ ದೂರದಿಂದಲೇ ಹೊಳೆಯುತ್ತದೆ. ಆಗ ತಾನೇ ಪೊರೆ ಬಿಟ್ಟ ಚೇಳು ಕವಚ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಕೆಲವು ಸಹಸ್ರಪದಿಗಳೂ ಹೊಳೆಯುತ್ತವೆ. ಇಷ್ಟು ಮಿತಿ ತಿಳಿದು ಬಳಸಿದರೆ ಮಕ್ಕಳು ನೆಲದ ಮೇಲೆ ಮಲಗುವ ಮನೆಗೆ ಇದಕ್ಕಿಂತ ಉಪಯುಕ್ತವಾದ ಭೌತವಿಜ್ಞಾನದ ಪಾಠ ಕಡಿಮೆ. ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬೇಡಿ.

ಎರಡನೆಯದು ನೀರಿನ ಲೆಕ್ಕ. ಒಂದು ವಸ್ತುವಿನ ಉದ್ದಳತೆಗಳು ಹತ್ತನೇ ಒಂದಕ್ಕೆ ಇಳಿದರೆ ಮೇಲ್ಮೈ ನೂರನೇ ಒಂದಕ್ಕೂ ಗಾತ್ರ ಸಾವಿರನೇ ಒಂದಕ್ಕೂ ಇಳಿಯುತ್ತದೆ. ಅಂದರೆ ಚಿಕ್ಕ ಜೀವಿಗೆ ತನ್ನ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಒಣಗುವ ಅಪಾಯವೂ ಹೆಚ್ಚು. ಒಣಸೀಮೆಯ ಸಂಧಿಪದಿಗಳ ಬದುಕೆಲ್ಲ ಈ ಲೆಕ್ಕದ ಸುತ್ತ ನಿಂತಿದೆ. ಚೇಳು ಮತ್ತು ಹಲವು ಕೀಟಗಳು ಕವಚದ ಮೇಲಿನ ಮೇಣದ ಪದರದಿಂದ ನೀರನ್ನು ಹಿಡಿದಿಡುತ್ತವೆ. ಸಹಸ್ರಪದಿಗೂ ನೆಲದ ಏಡಿವರ್ಗದವರಿಗೂ ಆ ರಕ್ಷಣೆ ದುರ್ಬಲ. ಆದ್ದರಿಂದ ಅವು ಹೊರಬರುವುದು ಮಳೆ ಬಿದ್ದ ಮೇಲೆ ಅಥವಾ ಒದ್ದೆ ಜಾಗದಲ್ಲಿ ಮಾತ್ರ. ಏಪ್ರಿಲ್ಲಿನ ಒಣರಾತ್ರಿ ಬಂಡೆಯ ಮೇಲೆ ಓಡಾಡುವುದು ಚೇಳೋ ಸೂರ್ಯಜೇಡವೋ ಆಗಿರಬಹುದು, ಸಹಸ್ರಪದಿಯಾಗಿರುವುದು ಕಷ್ಟ. ಜೀವಿ ಯಾವಾಗ, ಎಲ್ಲಿ ಕಂಡಿತು ಎಂಬುದೂ ಗುರುತಿನ ಒಂದು ಲಕ್ಷಣ. ಪಟ್ಟಿಯಲ್ಲಿ ಅದಕ್ಕೂ ಒಂದು ಕಂಬಸಾಲು ಬೇಕು.

ಈ ಕಂಬಸಾಲನ್ನು ತುಂಬಿದರೆ ಹಣೆಪಟ್ಟಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಸೂರ್ಯಜೇಡ ಸಿಗುವ ಮಸಾರಿ ಬಯಲು, ಏಡಿ ಸಿಗುವ ಗದ್ದೆ, ಮಳೆಹೊಂಡದ ಬಂಡೆ ಒಂದೇ ಜಿಲ್ಲೆಯ ಮೂರು ಬೇರೆ ನೆಲಗಳು ಎಂಬುದನ್ನು ಈ ಜೀವಿಗಳು ಕಡತಕ್ಕಿಂತ ನಿಖರವಾಗಿ ಹೇಳುತ್ತವೆ.

ಕಡೆಯ ಮಾತು

ಪಠ್ಯ ಬರೆಯುವವರಲ್ಲಿ, ಪಾಠ ಹೇಳುವವರಲ್ಲಿ ಕೋರಿಕೆ ಮೂರು. ಸಮುದ್ರದ ಸೀಗಡಿಯ ಪಕ್ಕದಲ್ಲಿ ಒಂದು ಚಿತ್ರದ ಜಾಗವನ್ನು ನಮ್ಮ ನೆಲದ ಜೀವಿಗೆ ಕೊಡಿ. ಸಂಖ್ಯೆ ಕೇಳುವ ಮೊದಲು ರೆಕ್ಕೆ, ಕುಡಿಮೀಸೆ, ಕಾಲು ಅಂಟಿದ ಜಾಗ ಇವುಗಳನ್ನು ಕೇಳಿ. ವರ್ಗದ ಹೆಸರು ಹೇಳಿ ನಿಲ್ಲಿಸದೆ, ಆ ವರ್ಗದಲ್ಲಿ ಯಾವುದಕ್ಕೆ ಎಚ್ಚರ ಬೇಕು, ಯಾವುದನ್ನು ಅದರ ಪಾಡಿಗೆ ಬಿಡಬಹುದು ಎಂಬುದನ್ನೂ ಹೇಳಿ.

ಓದುಗರಾದ ನಿಮಗೆ ಒಂದು ಕೆಲಸ. ಈ ಮುಂಗಾರಿನ ಮೊದಲ ಮಳೆಯಾದ ವಾರದಲ್ಲಿ ಮನೆಯ ಸುತ್ತ ಕಾಣುವ ಹತ್ತು ಸಂಧಿಪದಿಗಳನ್ನು ಮುಟ್ಟದೆ, ಕೊಲ್ಲದೆ ನೋಡಿ. ಪ್ರತಿಯೊಂದಕ್ಕೂ ಮೊದಲು ಕಾಲೆಣಿಕೆಯ ಪಟ್ಟಿಯಿಂದ, ಆಮೇಲೆ ಮೇಲಿನ ಐದು ಪ್ರಶ್ನೆಗಳಿಂದ ಉತ್ತರ ಬರೆಯಿರಿ. ಎರಡು ಉತ್ತರಗಳು ಎಲ್ಲೆಲ್ಲಿ ಬೇರೆಯಾದವು ಎಂದು ಗುರುತು ಹಾಕಿ. ಸಾಧನದ ದೋಷವನ್ನು ಅಳೆಯುವ ಕ್ರಮ ಪ್ರಯೋಗಶಾಲೆಯಲ್ಲೂ ಇದೇ.